ಬೈರಕೂರು ದಾರಿಯ ಹೊರೆಗಲ್ಲು

“ಇಲ್ಲೇ ನಿಲ್ಲಿ ದಫೇದಾರ್ ಸಾಬ್. ಕಥೇಲಿರೋ ಕಲ್ಲು ಇದೇ.”

ಗೌಸ್ ಮೊಹಿದ್ದೀನ್ ಸಾಬರು ವಾರಪತ್ರಿಕೆಯ ಹಾಳೆಯನ್ನು ಬಿಸಿಲಿಗೆ ಹಿಡಿದು ಓದಲು ಶುರುಮಾಡಿದರು. ನನಗೆ ಓದು ಕೇಳುವ ತಾಳ್ಮೆ ಉಳಿದಿರಲಿಲ್ಲ. ಮುಳಬಾಗಿಲು ಬಿಟ್ಟು ಎರಡೂವರೆ ಗಂಟೆಯಾಗಿತ್ತು. ಮೂವತ್ತು ವರ್ಷ ಪೊಲೀಸ್ ಕೆಲಸದಲ್ಲಿ ಸವೆದ ನನ್ನ ಮಂಡಿ ಹೆಜ್ಜೆ ಹೆಜ್ಜೆಗೂ ತಕರಾರು ತೆಗೆಯುತ್ತಿತ್ತು.

“ಸುಬ್ಬಕ್ಕ ಹೊಂಗೆತೋಪಿನ ತಿರುವಿಗೆ ಬಂದಳು,” ಎಂದು ಸಾಬರು ಓದಿದರು. “ದಾರಿಯ ಎಡಕ್ಕೆ ಅಜ್ಜನ ಕಾಲದ ಹೊರೆಗಲ್ಲು. ತಲೆಯ ಮೇಲಿನ ಬುಟ್ಟಿಯನ್ನು ಎಡಗೈಯಿಂದಲೇ ಜಾರಿಸಿ ಕಲ್ಲಿನ ಮೇಲಿಟ್ಟಳು. ಯಾರೂ ಇಲ್ಲದ ದಾರಿಯಲ್ಲಿ ಒಬ್ಬಳೇ ನಕ್ಕಳು. ಮುರಿದ ಮುಂದಿನ ಹಲ್ಲಿನ ಸಂದಿಯಿಂದ ಉಸಿರು ಸುಯ್ ಎಂದಿತು.”

“ಕೇಳಿದ್ರಾ ಸಾಮಿ?” ಗಂಗರತ್ನಮ್ಮ ನನ್ನ ಕಡೆ ತಿರುಗಿದರು. “ಎಡಗೈ. ಮುರಿದ ಹಲ್ಲು. ನಮ್ಮ ರಾಮಲಕ್ಷ್ಮಿ ಅಲ್ದೆ ಇನ್ಯಾರು?”

ವಕ್ಕಲೇರಿಯ ಈ ತಾಯಿಯ ಒಬ್ಬಳೇ ಮಗಳು, ಹೋದ ವರ್ಷ ಸಂಕ್ರಾಂತಿಯ ಹಿಂದಿನ ದಿನ, ಬೈರಕೂರಿನ ಆಚೆಗಿರುವ ಗಂಡನ ಮನೆಯಿಂದ ತವರಿಗೆ ಹೊರಟವಳು, ಇದೇ ಕಾಲುದಾರಿಯಲ್ಲಿ ಮಾಯವಾಗಿದ್ದಳು. ಅವಳು ಬದುಕಿದ್ದಾಳೋ ಇಲ್ಲವೋ, ಅಷ್ಟು ಹೇಳಿಬಿಡಿ ಸಾಕು ಎಂದು ಗಂಗರತ್ನಮ್ಮ ನನ್ನ ಮನೆ ಬಾಗಿಲಿಗೆ ಬಂದು ಕೂತಿದ್ದರು.

ಊರಿನ ಕಟ್ಟೆಯ ಮೇಲೆ ವಾರವಾರ ಪತ್ರಿಕೆ ಓದುವುದನ್ನು ಕೇಳಿಸಿಕೊಂಡ ಹೆಂಗಸು. ತನ್ನ ಮಗಳು ಯಾರದೋ ಕಥೆಯೊಳಗೆ ನಡೆದಾಡುತ್ತಿದ್ದಾಳೆ ಎಂದು ಹಟ ಹಿಡಿದಿದ್ದರು. ನಾನು ಮೊದಲು ನಕ್ಕಿದ್ದೆ. ಆ ನಗುವಿಗೆ ಈಗಲೂ ನಾಚಿಕೆಯಾಗುತ್ತದೆ.

ಕಥೆ ಬರೆಯುವವರು ಬೈರಕೂರಿನ ವೆಂಕಟರಮಣಪ್ಪ ಮೇಷ್ಟ್ರು. ದಿನಾ ಬೆಳಗ್ಗೆ ಈ ದಾರಿಯಲ್ಲಿ ನಡೆದು, ಕಂಡದ್ದನ್ನು ಮಾತ್ರ ಬರೆಯುವವರು ಎಂದು ಹೆಸರಾದವರು. ಅವರ ಧಾರಾವಾಹಿ ಶುರುವಾದ ಮೇಲೆ ಈ ದಾರಿಗೆ ಬಂದ ಯೋಗವನ್ನು ಹೇಳಿ ಪ್ರಯೋಜನವಿಲ್ಲ. ಯುದ್ಧದ ಕಾಲ, ಪೆಟ್ರೋಲ್ ಇಲ್ಲ. ಆದರೂ ಕೋಲಾರ, ಮಾಲೂರುಗಳಿಂದ ಜನ ಇದ್ದಿಲು ಬಸ್ಸಿನ ಹೊಗೆ ಕುಡಿದುಕೊಂಡು ಬರುತ್ತಾರೆ. ಕೈಯಲ್ಲಿ ಪತ್ರಿಕೆ, ಹೆಗಲಿಗೆ ಬುತ್ತಿ. ಸುಬ್ಬಕ್ಕ ನಡೆದಲ್ಲೆಲ್ಲ ನಡೆಯುತ್ತಾರೆ. ಒಂದು ಬಂಡೆಯ ಮೇಲೆ ‘ಸುಬ್ಬಕ್ಕ ಇಲ್ಲಿ ಕೂತಿದ್ದಳು’ ಎಂದು ಯಾವನೋ ಪುಣ್ಯಾತ್ಮ ಇದ್ದಿಲಿನಲ್ಲಿ ಬರೆದಿದ್ದ. ಕೆರೆ ಏರಿಯ ಮೇಲೆ ಕಡಲೇಕಾಯಿ ಮಾರುವ ಮುದುಕಿಯೊಬ್ಬಳು, ಮೂರನೇ ಅಧ್ಯಾಯದ ಅಜ್ಜಿ ನಾನೇ ಎಂದು ನನ್ನೆದುರಿಗೇ ಆಣೆ ಮಾಡಿದಳು.

ನಾನು ಕಲ್ಲಿನ ಹತ್ತಿರ ಹೋದೆ.

ಹೊರೆಗಲ್ಲು ಎಂದರೆ ದೊಡ್ಡ ವಿಷಯವೇನಲ್ಲ. ಎರಡು ನಿಲುವುಗಲ್ಲು, ಮೇಲೊಂದು ಅಡ್ಡಚಪ್ಪಡಿ. ಎತ್ತರ ಆಳಿನ ಭುಜದಷ್ಟು. ತಲೆಹೊರೆ ಹೊತ್ತು ಬಂದವರು ಯಾರ ಸಹಾಯವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಂಡು ಹೋಗಬಹುದು. ಯಾರೋ ಧರ್ಮಾತ್ಮರು ಹಾಕಿಸಿದ್ದು ಎಂದಷ್ಟೇ ನಾನು ತಿಳಿದಿದ್ದೆ.

ಚಪ್ಪಡಿಯ ಮೇಲೆ ಕೈಯಾಡಿಸಿದೆ. ಅಂಗೈ ತರಚಿತು.

ಹಳೆಯ ಹೊರೆಗಲ್ಲು ಹೀಗಿರುವುದಿಲ್ಲ. ನೂರಾರು ಬುಟ್ಟಿ, ಮೂಟೆ, ಸೌದೆಹೊರೆ ಉಜ್ಜಿ ಉಜ್ಜಿ ಅದರ ಮೈ ನುಣ್ಣಗಾಗಿರುತ್ತದೆ. ಇದರ ಮೇಲೆ ಉಳಿಯ ಗುರುತುಗಳು ಇನ್ನೂ ಬೆಳ್ಳಗಿದ್ದವು. ನಿಲುವುಗಲ್ಲಿನ ಬುಡದಲ್ಲಿ ತುಂಬಿದ್ದ ಜಲ್ಲಿ ಇನ್ನೂ ಮಣ್ಣಿನೊಳಗೆ ಸೇರಿಕೊಂಡಿರಲಿಲ್ಲ.

“ಅಜ್ಜನ ಕಾಲದ್ದಂತೆ!” ಎಂದೆ. “ಇದಕ್ಕೆ ಹೆಚ್ಚೆಂದರೆ ಒಂದು ವರ್ಷ. ಕಂಡದ್ದನ್ನೇ ಬರೆಯುವ ಮೇಷ್ಟ್ರು ಇಲ್ಲಿ ಯಾಕೆ ಸುಳ್ಳು ಬರೆದರು ಸಾಬರೇ?”

ಸಾಬರು ಹಾಳೆಯಲ್ಲಿ ಆ ಸಾಲನ್ನೇ ಮತ್ತೆ ಹುಡುಕಿದರು. ಮುಳಬಾಗಿಲಲ್ಲಿ ಪುಸ್ತಕ ಬೈಂಡು ಮಾಡುವ ಮನುಷ್ಯ. ಮೇಷ್ಟ್ರ ಒಂದೊಂದು ಅಕ್ಷರವನ್ನೂ ಕಣ್ಣಿಗೊತ್ತಿಕೊಂಡು ಓದಿದವರು. ಅವರ ಮುಖ ಸಣ್ಣದಾಯಿತು.

ತೋಪಿನಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳನ್ನು ಕೂಗಿ ಕರೆದೆ.

“ಈ ಕಲ್ಲು ಯಾರು ನಿಲ್ಲಿಸಿದ್ದಮ್ಮ?”

“ನಮ್ಮೂರೋರಲ್ಲ ಸಾಮಿ.” ಅವಳು ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿದಳು. “ಹೋದ ವರ್ಷ ಸಂಕ್ರಾಂತಿ ಆದ್ಮೇಲೆ ಯಾರೋ ಗಾಡೀಲಿ ತಂದು ನಿಲ್ಸಿ ಹೋದ್ರು. ನಮ್ಮೂರಲ್ಲಿ ಆ ವರ್ಷ ಅಂಥಾ ಸಾವು ಯಾವ್ದೂ ಆಗಿರ್ಲಿಲ್ಲ. ಯಾರ ಹೆಸರಿಂದೋ ಏನೋ ಅಂತ ನಾವು ಆರು ತಿಂಗಳು ಇದರ ಮೇಲೆ ಹೊರೆ ಇಡ್ಲಿಲ್ಲ.”

“ಅಂಥಾ ಸಾವು ಅಂದರೆ?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಉತ್ತರ ಬಂದದ್ದು ನನ್ನ ಹಿಂದಿನಿಂದ.

“ಬಸುರಿ ಸಾವು.”

ತಿರುಗಿ ನೋಡಿದರೆ ಗಂಗರತ್ನಮ್ಮ ನೆಲದ ಮೇಲೆ ಕೂತಿದ್ದರು. ಯಾವಾಗ ಕೂತರೋ ನನಗೆ ತಿಳಿಯಲೇ ಇಲ್ಲ.

“ಹೊಟ್ಟೇಲಿ ಮಗು ಇಟ್ಕೊಂಡು, ಹೆರದೇನೇ ಹೋದೋಳ ಹೆಸರಲ್ಲಿ ನಿಲ್ಲಿಸ್ತಾರೆ ಸಾಮಿ. ಹೊರೆ ಇಳಿಸ್ದೇ ಹೋದೋಳಲ್ವಾ? ದಾರೀಲಿ ಹೋಗೋರು ಇದರ ಮೇಲೆ ಒಂದೊಂದು ಸಲ ಹೊರೆ ಇಳಿಸಿದ್ರೆ, ಅವಳ ಹೊರೇನೂ ಅಷ್ಟಷ್ಟು ಇಳೀತದೆ ಅಂತ. ತವರು ಮನೆಯೋರೋ ಗಂಡನ ಮನೆಯೋರೋ ನಿಲ್ಲಿಸ್ತಾರೆ. ಬೇರೆಯೋರು ಯಾರೂ ನಿಲ್ಲಿಸಲ್ಲ.”

ನನ್ನ ಕೈ ಇನ್ನೂ ಚಪ್ಪಡಿಯ ಮೇಲಿತ್ತು. ಬೆಂಕಿ ತಾಗಿದ ಹಾಗೆ ಹಿಂದಕ್ಕೆ ತೆಗೆದೆ.

ಮೂವತ್ತು ವರ್ಷ ಈ ಜಿಲ್ಲೆಯ ದಾರಿಗಳಲ್ಲಿ ತಿರುಗಿದ್ದೇನೆ. ಇಂಥ ಕಲ್ಲುಗಳ ಮೇಲೆ ನನ್ನ ಚೀಲ ಇಟ್ಟು ಬೀಡಿ ಸೇದಿದ್ದೇನೆ. ಒಂದು ದಿನವಾದರೂ ಯಾರನ್ನೂ ಕೇಳಲಿಲ್ಲ. ಎಂಥ ಕತ್ತೆ ನಾನು!

“ಅಮ್ಮಾ, ನಿಮ್ಮ ಮಗಳು ಆಗ…”

“ಗೊತ್ತಿಲ್ಲ.” ಆಕೆ ಬೆರಳು ಮಡಿಚಿ ಎಣಿಸತೊಡಗಿದರು. “ಅಳಿಯ ಮಿಲಿಟ್ರಿಗೆ ಸೇರಿ ಹೋಗಿದ್ದು ಮುಂಚಿನ ವರ್ಷದ ಯುಗಾದಿಗೆ. ಸಿಂಗಾಪುರದಲ್ಲಿದೀನಿ ಅಂತ ಒಂದು ಕಾಗದ ಬಂತು, ಆಮೇಲೆ ಇಲ್ಲ. ಸಂಕ್ರಾಂತಿ ಹೊತ್ತಿಗೆ ಅವನು ಹೋಗಿ ಹತ್ತು ತಿಂಗಳು.” ಬೆರಳು ನಿಂತಿತು. “ಗೌರಿ ಹಬ್ಬಕ್ಕೆ ಮನೆಗೆ ಬಂದಾಗ ಊಟ ಸೇರ್ತಿಲ್ಲ ಕಣಮ್ಮಾ ಅಂದ್ಲು. ಬಿಸಿಲಿಗೆ ಇರಬೇಕು ಅಂದೆ. ನಾನು ಅವಳ ತಾಯಿ ಸಾಮಿ. ನನಗೂ ಗೊತ್ತಾಗ್ಲಿಲ್ಲ.”

ಗೌಸ್ ಸಾಬರು ಪತ್ರಿಕೆ ಮಡಿಚಿ ಜೇಬಿಗೆ ಹಾಕಿಕೊಂಡರು. “ಅಕ್ಕಾ, ಬೇರೆ ಯಾರದೋ ಇರಬಹುದು. ಖುದಾ ದೊಡ್ಡೋನು.”

“ಎಡಗೈ ಸಾಬ್ರೇ,” ಎಂದರು ಆಕೆ. “ಮುರಿದ ಹಲ್ಲು. ಈ ಕಲ್ಲು. ಮೂರೂ ಒಂದೇ ಪುಟದಲ್ಲಿದೆ.”

ಆಮೇಲೆ ಎದ್ದು, ಸೆರಗು ಬಿಗಿದು, ನಮಗಿಂತ ಮುಂದೆ ನಡೆದರು.

ಬೈರಕೂರು ತಲುಪುವವರೆಗೂ ನನ್ನ ತಲೆಯೊಳಗೆ ಒಂದು ಕೇಸು ತನ್ನಷ್ಟಕ್ಕೆ ತಾನೇ ಕಟ್ಟಿಕೊಳ್ಳುತ್ತಿತ್ತು. ಮೇಷ್ಟ್ರು ಹೆಂಡತಿ ಸತ್ತ ಮನುಷ್ಯ. ದಿನಾ ಇದೇ ದಾರಿ. ಗಂಡ ದೂರವಿರುವ ಹುಡುಗಿ, ಅವಳೂ ಇದೇ ದಾರಿ. ಅವಳ ಹಲ್ಲಿನ ಸಂದಿಯಿಂದ ಉಸಿರು ಹೇಗೆ ಬರುತ್ತದೆ ಎಂದು ಬರೆಯಬೇಕಾದರೆ ಎಷ್ಟು ಹತ್ತಿರದಲ್ಲಿ ನಿಂತಿರಬೇಕು? ಹೊಸ ಕಲ್ಲನ್ನು ಹಳೆಯದು ಎಂದು ಬರೆದದ್ದು ಯಾರ ಕಣ್ಣಿಗೆ ಮಣ್ಣೆರಚಲು?

ಈ ಪ್ರಶ್ನೆಗಳಿಗೆಲ್ಲ ನನ್ನ ಬಳಿ ಒಂದೇ ಉತ್ತರವಿತ್ತು. ಅದರ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಮೇಷ್ಟ್ರದು ಹಂಚಿನ ಮನೆ. ಜಗಲಿಯ ಮೇಲೆ ಸವೆದುಹೋದ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಒಂದೊಂದರ ಅಟ್ಟೆಯ ಮೇಲೂ ಸುಣ್ಣದಲ್ಲಿ ಬರೆದ ಇಸವಿ. ಓದುಗರು ನೋಡಲಿ ಎಂದೇ ಇಟ್ಟದ್ದು.

“ಬನ್ನಿ ಬನ್ನಿ! ಓ, ಗೌಸ್ ಸಾಬ್ರೂ ಇದಾರೆ!” ಐವತ್ತೈದರ ಸಣಕಲು ಮನುಷ್ಯ ಕನ್ನಡಕ ಸರಿಮಾಡಿಕೊಳ್ಳುತ್ತ ಹೊರಗೆ ಬಂದರು. “ಎಲ್ಲಿಂದ ನಡೆದ್ರಿ? ಮುಳಬಾಗಿಲಿಂದಲೇ? ಯಾವ ಅಧ್ಯಾಯ ಹಿಡಿಸಿತು?”

“ಹೊರೆಗಲ್ಲಿಂದು,” ಎಂದೆ.

ಮೇಷ್ಟ್ರ ನಗು ಅರ್ಧದಲ್ಲೇ ನಿಂತಿತು. ಚಾಪೆ ಹಾಸಲು ಬಗ್ಗಿದವರು ಬಗ್ಗಿದ ಹಾಗೇ ಒಂದು ಕ್ಷಣ ಉಳಿದರು.

“ಆ ಕಲ್ಲು ಯಾವ ಕಾಲದ್ದು ಮೇಷ್ಟ್ರೇ?”

“ಬಹಳ ಹಳೇದು. ಅಜ್ಜನ ಕಾಲದ್ದು ಅಂತ ಬರ್ದಿದೀನಲ್ಲ.”

“ಬರೆದದ್ದನ್ನು ಓದಿದೆ. ಈಗ ಕಂಡದ್ದನ್ನು ಕೇಳ್ತಿದೀನಿ.”

“ಕಾದಂಬರಿ ರೀ ಅದು! ನೀವು ಯಾರು ಮೊದಲು ಹೇಳಿ.”

“ರಾಮಚಂದ್ರಪ್ಪ. ಪೊಲೀಸ್ ದಫೇದಾರ್ ಆಗಿದ್ದೆ, ಈಗ ಪಿಂಚಣಿ. ಇವರು ವಕ್ಕಲೇರಿ ಗಂಗರತ್ನಮ್ಮ. ನಿಮ್ಮ ಸುಬ್ಬಕ್ಕನ ತಾಯಿ.”

ಮೇಷ್ಟ್ರು ಗೋಡೆಗೆ ಒರಗಿ ನಿಂತರು. ಗಂಗರತ್ನಮ್ಮ ಬಾಗಿಲ ಬಳಿಯೇ ನಿಂತಿದ್ದರು, ಒಳಗೆ ಬರಲಿಲ್ಲ. ಅವರ ಕಣ್ಣು ಮೇಷ್ಟ್ರ ಮುಖವನ್ನು ಬಿಟ್ಟು ಅತ್ತಿತ್ತ ಹೋಗಲಿಲ್ಲ.

“ನನಗೇನೂ ಗೊತ್ತಿಲ್ಲ,” ಎಂದರು ಮೇಷ್ಟ್ರು. “ಎಡಚರು ಊರಿಗೆ ಹತ್ತು ಜನ ಇರ್ತಾರೆ. ಹಲ್ಲು ಮುರಿದೋರು ಇಪ್ಪತ್ತು.”

ನಾನು ಬಾಯಿ ತೆರೆಯುವುದರೊಳಗೆ ಗೌಸ್ ಸಾಬರು ಮೆಲ್ಲಗೆ ಕೇಳಿದರು: “ಮೇಷ್ಟ್ರೇ, ಹೋದ ವರ್ಷದ್ದು ನಿಮ್ಮ ನಡಿಗೆ ಪುಸ್ತಕ ಸ್ವಲ್ಪ ತೋರಿಸ್ತೀರಾ? ನಾನೇ ಕಟ್ಟಿಕೊಟ್ಟಿದ್ದಲ್ವಾ, ಹೊಲಿಗೆ ಹೇಗೆ ನಿಂತಿದೆ ನೋಡ್ತೀನಿ.”

ಪ್ರತಿ ವರ್ಷ ಸಾಬರು ಮೇಷ್ಟ್ರಿಗೆಂದೇ ಬಿಳೀ ಹಾಳೆಯ ಒಂದು ದಪ್ಪ ಪುಸ್ತಕ ಹೊಲಿದು ಕೊಡುತ್ತಿದ್ದರು. ನಡೆದದ್ದು, ಕಂಡದ್ದು, ಕೇಳಿದ್ದು, ಎಲ್ಲವನ್ನೂ ತಾರೀಖು ಹಾಕಿ ಮೇಷ್ಟ್ರು ಅದರಲ್ಲಿ ಬರೆದಿಡುತ್ತಿದ್ದರು. ಪೇಪರು ಸಿಗದ ಈ ಕಾಲದಲ್ಲೂ ಸಾಬರು ಅದನ್ನು ತಪ್ಪಿಸಿರಲಿಲ್ಲ. ಅವರಿಗೆ ಇಲ್ಲ ಎನ್ನಲು ಮೇಷ್ಟ್ರಿಗೆ ಬಾಯಿ ಬರಲಿಲ್ಲ. ಒಳಗಿಂದ ಪುಸ್ತಕ ತಂದು ಕೊಟ್ಟರು. ಕೊಡುವಾಗ ಅವರ ಮುಖದಲ್ಲಿ ಒಂದು ಥರದ ಧೈರ್ಯವೂ ಇತ್ತು.

ನಾನು ಕಿತ್ತುಕೊಂಡು ಜನವರಿ ತಿಂಗಳಿಗೆ ತಿರುವಿದೆ. ೨೫, ಭಾನುವಾರ. ಕೆರೆಯಲ್ಲಿ ಬಾತುಕೋಳಿ. ೨೬, ಸೋಮವಾರ. ಮಾವಿನ ಹೂವಿಗೆ ಮಂಜು ಹಿಡಿದಿದೆ. ಮುಂದಿನ ಹಾಳೆ ೨೮, ಬುಧವಾರ.

“ಇಪ್ಪತ್ತೇಳು ಎಲ್ಲಿ?”

“ಜ್ವರ ಬಂದಿತ್ತು. ನಡೀಲಿಲ್ಲ. ನಡೀದ ದಿನ ಬರಿಯೋದಿಲ್ಲ ನಾನು.”

ಉತ್ತರ ತಯಾರಾಗಿತ್ತು. ಚೆನ್ನಾಗಿಯೂ ಇತ್ತು. ನಾನು ಹಲ್ಲು ಕಚ್ಚಿದೆ.

ಸಾಬರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡರು. ಅವರು ಅಕ್ಷರ ನೋಡಲೇ ಇಲ್ಲ. ಕಣ್ಣು ಮುಚ್ಚಿ, ಎರಡು ಹಾಳೆಗಳು ಸೇರುವ ಸಂದಿಯಲ್ಲಿ ಹೆಬ್ಬೆರಳು ಇಳಿಸಿ ಮೇಲಿನಿಂದ ಕೆಳಕ್ಕೆ ಸವರುತ್ತ ಹೋದರು. ನಾಲ್ಕಾರು ಹಾಳೆಗಳ ಆಚೆ ಬೆರಳು ನಿಂತಿತು.

“ಮೇಷ್ಟ್ರೇ, ಇಲ್ಲಿ ಹುಳ ತಿಂದಿದೆ.”

“ಪುಸ್ತಕ ಅಂದ ಮೇಲೆ ಹುಳ ತಿನ್ನುತ್ತೆ ಸಾಬ್ರೇ.”

“ನನ್ನ ಪುಸ್ತಕ ತಿನ್ನಲ್ಲ.” ಸಾಬರ ದನಿ ಏರಲಿಲ್ಲ, ಆದರೆ ನಡುಗುತ್ತಿತ್ತು. “ನನ್ನ ಅಬ್ಬಾಜಾನ್ ಕಾಲದಿಂದ ನಾವು ಅಂಟಿಗೆ ಮೈಲುತುತ್ತ ಹಾಕ್ತೀವಿ. ವಿಷ ಅದು. ಹುಳ ಮೂಸಿ ನೋಡೋದೂ ಇಲ್ಲ. ಇಲ್ಲಿ ಯಾರೋ ಅನ್ನದ ಗಂಜೀಲಿ ಅಂಟಿಸಿದಾರೆ.”

“ಹಾಳೆ ಸಡಿಲ ಆಗಿತ್ತು, ಅದಕ್ಕೆ…”

“ಸಡಿಲ ಯಾಕೆ ಆಗ್ತದೆ? ಒಂದೊಂದು ಕಟ್ಟಿಗೆ ಎಂಟು ಹಾಳೆ. ಇಲ್ಲಿ ಏಳೇ ಇದೆ. ಮಡಿಸಿ ಹೊಲಿದ ಕಾಗದದಲ್ಲಿ ಈ ಕಡೆ ಹಾಳೆ ಕಿತ್ತರೆ ಆ ಕಡೆ ಅದರ ಜೋಡಿ ಕೈಗೆ ಬರ್ತದೆ. ಅದನ್ನ ಮುಚ್ಚೋಕೆ ಗಂಜಿ ಹಚ್ಚಿದೀರಿ.” ಸಾಬರು ಪುಸ್ತಕ ಮುಚ್ಚಿದರು. “ಹನ್ನೆರಡು ವರ್ಷ ನಿಮಗೆ ಪುಸ್ತಕ ಕಟ್ಟಿದೀನಿ ಮೇಷ್ಟ್ರೇ. ಹರಿಯೋದಕ್ಕೆ ಕಟ್ಟಲಿಲ್ಲ.”

ನಾನು ಮೂವತ್ತು ವರ್ಷ ಜನರ ಮುಖ ನೋಡಿ ಸುಳ್ಳು ಹಿಡಿದವನು. ಇವರು ಬೆರಳ ತುದಿಯಲ್ಲಿ ಹಿಡಿದರು. ಮೇಷ್ಟ್ರು ಕುಕ್ಕರುಗಾಲಲ್ಲಿ ಕೂತುಬಿಟ್ಟರು.

ಆಗ ಗಂಗರತ್ನಮ್ಮ ಹೊಸ್ತಿಲು ದಾಟಿ ಒಳಗೆ ಬಂದರು.

“ನಿಮಗೆ ಹೆಣ್ಣುಮಕ್ಕಳಿದಾರಾ ಮೇಷ್ಟ್ರೇ?”

“ಇಲ್ಲಮ್ಮ.”

“ನನ್ನ ಮಗಳನ್ನ ವಾರವಾರ ಈ ಸೀಮೆಗೆಲ್ಲ ತೋರಿಸಿದ್ರಿ. ಯಾರ್ಯಾರೋ ಬಂದು ಅವಳು ಕೂತ ಬಂಡೆ ನೋಡ್ಕೊಂಡು ಹೋದ್ರು. ನನಗೆ ಓದಕ್ಕೆ ಬರಲ್ಲ. ಯಾರೋ ಓದಿದ್ದನ್ನ ಕಿವಿ ಕೊಟ್ಟು ಕೇಳಿ, ಇವಳು ನನ್ನ ಮಗಳು ಅಂತ ನಾನೇ ಕಂಡ್ಕೋಬೇಕಾಯ್ತು. ನೀವು ಒಂದು ಮಾತು ಹೇಳಿಕಳಿಸಲಿಲ್ಲ.”

ಮೇಷ್ಟ್ರು ತಲೆ ಎತ್ತಲಿಲ್ಲ. ಅವರ ಕನ್ನಡಕದ ಕೆಳಗಿಂದ ನೀರು ಇಳಿಯುತ್ತಿತ್ತು. ನನಗೆ ಕರುಣೆ ಬರಲಿಲ್ಲ, ಮೈ ಉರಿಯಿತು.

“ಏನು ಮಾಡಿದ್ರಿ ಆ ಹುಡುಗೀನ?” ಎಂದು ಗದರಿದೆ.

“ನಾನು ಏನೂ ಮಾಡಿಲ್ಲ! ಆಣೆಗೂ ಮಾಡಿಲ್ಲ! ಕಂಡೆ ಅಷ್ಟೇ. ಒಂದೇ ಒಂದು ದಿನ ಕಂಡೆ. ಮರೆಯೋಕೆ ಆಗಲಿಲ್ಲ. ಅವಳನ್ನಿಟ್ಟುಕೊಂಡು ಸುಬ್ಬಕ್ಕನ್ನ ಬರೆದೆ. ಬೇಸಿಗೇಲಿ ಪೊಲೀಸ್ನೋರು ಬಂದು, ಹಲ್ಲು ಮುರಿದ ಹೆಂಗಸೊಬ್ಬಳು ಕಾಣೆಯಾಗಿದಾಳೆ, ಕಂಡಿದೀರಾ ಅಂದ್ರು. ಅಷ್ಟರಲ್ಲಿ ಎರಡು ಅಧ್ಯಾಯ ಅಚ್ಚಾಗಿತ್ತು. ಜನ ಹುಚ್ಚೆದ್ದು ಓದ್ತಿದ್ರು. ಇಲ್ಲ ಅಂದೆ, ಹಾಳೆ ಕಿತ್ತೆ, ಆಮೇಲೆ ಕಲ್ಲನ್ನೂ ಹಳೇದು ಅಂತ ಬರೆದೆ. ಹೌದು ಅಂದಿದ್ದರೆ ನನ್ನನ್ನೇ ಹಿಡೀತಿದ್ರು. ಕಥೆ ಅಲ್ಲಿಗೇ ನಿಂತುಹೋಗ್ತಿತ್ತು.”

“ಕಥೆ ನಿಂತುಹೋಗ್ತಿತ್ತು,” ಎಂದು ಗಂಗರತ್ನಮ್ಮ ಅವರ ಮಾತನ್ನೇ ಹೇಳಿದರು.

“ಹಾಳೆ ಎಲ್ಲಿ? ಸುಟ್ಟುಹಾಕಿದ್ರಾ?” ಎಂದೆ.

“ಬರೆದದ್ದನ್ನ ಸುಡೋಕೆ ಕೈ ಬರಲಿಲ್ಲ.”

ಎದ್ದು ಹೋಗಿ ಗೋಡೆಯ ಮೇಲಿದ್ದ ಹೆಂಡತಿಯ ಫೋಟೋ ಇಳಿಸಿದರು. ಹಿಂದಿನ ರಟ್ಟು ಬಿಚ್ಚಿ, ನಾಲ್ಕಾಗಿ ಮಡಿಚಿದ ಒಂದು ಹಾಳೆ ತೆಗೆದು ನನಗೆ ಕೊಟ್ಟರು. ಎರಡು ಕಡೆಯೂ ಸಣ್ಣ ಅಕ್ಷರ. ನಾನು ಬಾಗಿಲ ಬೆಳಕಿಗೆ ಬಂದು ಗಟ್ಟಿಯಾಗಿ ಓದಿದೆ.

“ಜನವರಿ ೨೭, ಮಂಗಳವಾರ. ಬಿಸಿಲೇರುವ ಮುಂಚೆ ಹೊಂಗೆತೋಪಿನ ತಿರುವು. ಹೊರೆಗಲ್ಲು ನಿಲ್ಲಿಸುತ್ತಿದ್ದಾರೆ. ಒಂದು ಗಾಡಿ, ಇಬ್ಬರು ಕಲ್ಲುಕೆಲಸದವರು, ನಿಂತು ಹೇಳಿ ಮಾಡಿಸುತ್ತಿರುವ ಒಬ್ಬ ವಯಸ್ಸಾದ ರೈತ. ಯಾರ ಹೆಸರಿನದು ಎಂದು ಕೇಳಿದೆ. ‘ನನ್ನ ಮಗಳದು. ಬಸುರಿ. ಹೋದಳು’ ಎಂದ. ಅಳಲಿಲ್ಲ. ಅವನ ಎಡಗಿವಿಯ ಹಾಲೆ ಹರಿದು ಎರಡು ಸೀಳಾಗಿದೆ. ಮಾತಾಡುವಾಗ ಆ ಸೀಳನ್ನು ಬೆರಳಲ್ಲಿ ಹಿಸುಕುತ್ತಲೇ ಇದ್ದ…”

“ನಿಲ್ಸಿ.”

ಗಂಗರತ್ನಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ.

“ಕಿವಿಗೆ ಒಂಟಿ ಹಾಕ್ಕೊಂಡಿದ್ರು. ಎತ್ತು ತಲೆ ಕೊಡವಿ, ಕೊಂಬು ಸಿಕ್ಕಿ ಹರೀತು. ನಮ್ಮ ಮದುವೆ ಆದ ವರ್ಷ.” ಪದಗಳನ್ನು ಒಂದೊಂದಾಗಿ ಎತ್ತಿಡುವ ಹಾಗೆ ಹೇಳಿದರು. “ಸಾಮಿ, ಅದು ನಮ್ಮನೆಯವರು.”

ಗಂಗರತ್ನಮ್ಮನ ಗಂಡ ಅಪ್ಪಾಜಪ್ಪ! ನೆನ್ನೆ ಸಂಜೆ ತಾನೇ ಅವರ ಮನೆಯ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದಿದ್ದೆ. ಹರಿದ ಕಿವಿಯ ಆ ಮುದುಕ ನನ್ನ ಕೈ ಹಿಡಿದುಕೊಂಡು, ಮಗಳನ್ನ ಹುಡುಕಿಕೊಡಿ ಸಾಮಿ ಎಂದು ಅತ್ತಿದ್ದ. ಸಂಕ್ರಾಂತಿಗೆ ಮಗಳನ್ನು ಕರೆತರಲು ಹೋಗಿ, ಅವಳಾಗಲೇ ಹೊರಟುಹೋದಳಂತೆ ಎಂದು ಬರಿಗೈಯಲ್ಲಿ ಬಂದವನು ಅವನೇ. ಕಟ್ಟಿದ್ದ ನನ್ನ ಕೇಸು ಕಾಲಡಿಗೇ ಕುಸಿದುಬಿತ್ತು. ನಾನು ಹಿಡಿಯಲು ಬಂದದ್ದು ಯಾರನ್ನು, ಈಗ ಸಿಕ್ಕಿಬೀಳುತ್ತಿರುವುದು ಯಾರು!

“ಆವತ್ತು ಮಂಗಳವಾರ,” ಎಂದರು ಗಂಗರತ್ನಮ್ಮ. “ರಾಯಲ್ಪಾಡು ಕಡೆ ನಮ್ಮೋರಿದಾರೆ, ಅಲ್ಲಿ ಹುಡುಕ್ತೀನಿ ಅಂತ ಗಾಡಿ ಕಟ್ಟಿದ್ರು. ನಾನೇ ಬುತ್ತಿ ಕಟ್ಟಿಕೊಟ್ಟೆ. ಅವಳು ಸತ್ತಿದ್ದು ಅವರಿಗೆ ಗೊತ್ತಿತ್ತಾ ಸಾಮಿ? ಒಂದು ವರ್ಷ ನನ್ನ ಜೊತೆ ಕೂತು ಅತ್ತರಲ್ಲ. ಗೊತ್ತಿದ್ದೂ ಅತ್ತರಾ?”

ಗೌಸ್ ಸಾಬರು ಕೈಯಲ್ಲಿದ್ದ ಪುಸ್ತಕವನ್ನು ಎದೆಗವಚಿಕೊಂಡು ನಿಂತಿದ್ದರು.

“ಇನ್ನೊಂದು ಕಡೆ ಓದಿ,” ಎಂದರು ಮೇಷ್ಟ್ರು ಮೂಲೆಯಿಂದ. ದನಿ ಪಿಸುಮಾತಿಗಿಂತ ಜೋರಿರಲಿಲ್ಲ. “ಅಲ್ಲಿಗೇ ಮುಗಿಯಲಿಲ್ಲ.”

ಹಾಳೆ ತಿರುಗಿಸಿದೆ.

“ಚಪ್ಪಡಿ ಕೂರಿಸಿದ ಮೇಲೆ ಗಾಡಿಯ ಮರೆಯಿಂದ ಒಬ್ಬ ಹೆಂಗಸು ಇಳಿದು ಬಂದಳು. ತುಂಬಿದ ಬಸುರಿ. ಕೈಯಲ್ಲಿ ನೀರಿನ ಕೊಡ. ಕಲ್ಲಿನ ಬುಡಕ್ಕೆ ಎಡಗೈಯಲ್ಲಿ ನೀರು ಹುಯ್ದಳು. ‘ಬಲಗೈಯಲ್ಲಿ ಹುಯ್ಯೇ’ ಎಂದು ಮುದುಕ ಗದರಿದ. ಅವಳು ನಕ್ಕಳು. ಮುಂದಿನ ಹಲ್ಲು ಮುರಿದಿತ್ತು. ‘ಸತ್ತೋಳಿಗೆ ಯಾವ ಕೈಯಾದ್ರೇನಪ್ಪಾ’ ಎಂದಳು.”

ಓದಿದ್ದು ನಾನೇ. ಆದರೂ ನನಗೆ ಅರ್ಥವಾಗಲು ಎರಡನೇ ಸಲ ಓದಬೇಕಾಯಿತು.

“ಇನ್ನೊಬ್ಬ ಮಗಳಿರಬಹುದು ಅಂದುಕೊಂಡೆ,” ಎಂದರು ಮೇಷ್ಟ್ರು.

“ನಮಗೆ ಇರೋದು ಒಬ್ಬಳೇ.” ಗಂಗರತ್ನಮ್ಮ ನನ್ನ ಕೈಯಿಂದ ಹಾಳೆ ತೆಗೆದುಕೊಂಡರು. ಒಂದಕ್ಷರ ಬಾರದ ಆ ಹೆಂಗಸು ಆ ಸಾಲುಗಳ ಮೇಲೆ ಅಂಗೈ ಇಟ್ಟು ಸವರಿದರು. “ಅವಳೇ. ಹೀಗೇ ಮಾತಾಡ್ತಾಳೆ. ಬಲಗೈ ಬಲಗೈ ಅಂತ ಅವರು ಗದರಿದಾಗಲೆಲ್ಲ ಹೀಗೇ ಏನಾದ್ರೂ ಅಂತಾಳೆ.”

ಬಸುರಿ ಸತ್ತಳೆಂದು ನಿಲ್ಲಿಸಿದ ಕಲ್ಲು. ಅದಕ್ಕೆ ನೀರೆರೆದವಳು ಅದೇ ಬಸುರಿ. ಬದುಕಿರುವ ಮಗಳಿಗೆ ತಂದೆ ಯಾಕೆ ಕಲ್ಲು ನಿಲ್ಲಿಸುತ್ತಾನೆ? ಗಂಡನಿಲ್ಲದಾಗ ಬಸುರಾದಳೆಂದು ಲೋಕದ ಬಾಯಿಗೆ ಹೆದರಿ, ಸತ್ತಳೆಂದೇ ಎಣಿಸಿ, ಎಲ್ಲೋ ಬಚ್ಚಿಡಲು. ಇಲ್ಲವೇ ಮುಂದೆ ಆಗಬೇಕಾದದ್ದಕ್ಕೆ ಮೊದಲೇ ತಯಾರಿ ಮಾಡಲು. ಎರಡನೆಯದನ್ನು ಆ ತಾಯಿಯ ಎದುರಿಗೆ ಬಾಯಿಬಿಟ್ಟು ಹೇಳುವ ಎದೆಗಾರಿಕೆ ನನಗಿರಲಿಲ್ಲ.

“ಸಾಮಿ.” ಗಂಗರತ್ನಮ್ಮ ಇದ್ದಕ್ಕಿದ್ದ ಹಾಗೆ ನನ್ನ ತೋಳು ಹಿಡಿದರು. “ಅವರು ತಿಂಗಳಿಗೊಂದು ಸಲ ಈಗಲೂ ರಾಯಲ್ಪಾಡಿಗೆ ಹೋಗ್ತಾರೆ. ಹುಡುಕೋಕೆ ಅಂತ. ಹೊರಡೋ ಹಿಂದಿನ ದಿನ ತುಪ್ಪ ಕಾಯಿಸು ಅಂತಿದ್ರು. ಅಲ್ಲಿ ಹರಕೆ ದೀಪ ಹಚ್ಚಬೇಕು ಅಂತಿದ್ರು. ಬೇಸಿಗೆ ಕಳೆದ ಮೇಲೆ ಮೊಳಕೆ ರಾಗಿಹಿಟ್ಟೂ ಕೇಳೋಕೆ ಶುರು ಮಾಡಿದ್ರು. ಹೊರಗಿನ ಊಟ ಹೊಟ್ಟೆಗೆ ಒಗ್ಗಲ್ಲ ಅಂದ್ರು. ನಾನು ನಂಬಿದೆ.”

ನನಗೆ ಥಟ್ಟನೆ ಹೊಳೆಯಿತು. ಬಾಣಂತಿಗೆ ತುಪ್ಪ. ಎಳೆಮಗುವಿಗೆ ರಾಗಿಹಿಟ್ಟಿನ ಸರಿ!

“ಅಮ್ಮಾ!” ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. “ಹಾಗಾದ್ರೆ ಬದುಕಿದಾಳೆ! ಹೆತ್ತಿದಾಳೆ! ಮಗೂನೂ ಇದೆ! ರಾಯಲ್ಪಾಡಲ್ಲಿ ಬಚ್ಚಿಟ್ಟಿದಾರೆ!”

ಗೌಸ್ ಸಾಬರು ಎರಡೂ ಕೈ ಮೇಲೆತ್ತಿ “ಯಾ ಅಲ್ಲಾ” ಎಂದರು. ಮೇಷ್ಟ್ರು ಕೂಡ ತಲೆ ಎತ್ತಿದರು.

ಗಂಗರತ್ನಮ್ಮನ ಮುಖದಲ್ಲಿ ಮಾತ್ರ ಸಂತೋಷವಿರಲಿಲ್ಲ. ನನ್ನ ತೋಳು ಹಿಡಿದಿದ್ದ ಬೆರಳುಗಳು ಇನ್ನೂ ಬಿಗಿಯಾದವು.

“ಮಗೂಗೆ ರಾಗಿಹಿಟ್ಟು ಈಗಲೂ ಒಯ್ತಾರೆ ಸಾಮಿ,” ಎಂದರು. “ಅವಳಿಗೆ ತುಪ್ಪ ಮಾತ್ರ ದೀಪಾವಳಿಯಿಂದ ಈಚೆಗೆ ಬೇಡ ಅಂತಿದಾರೆ.”